ಇಬ್ಬರಿಗೆ ಎಷ್ಟು ಮೊಳದ ದೋಣಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆ ಸಂಜೆ ನನ್ನ ಚಿಗವ್ವ ಉಟ್ಟಿದ್ದು ಹಸಿರು ಇಳಕಲ್ ಸೀರೆ ಎಂದು ನನಗೆ ನೆನಪು. ಆಕೆಯನ್ನು ಕೇಳಿದರೆ ಹಸಿರು ಸೀರೆ ತನ್ನ ಹತ್ತಿರ ಎಂದೂ ಇರಲೇ ಇಲ್ಲ ಎನ್ನುತ್ತಾಳೆ. ದಿನಾಲು ದಿನಚರಿ ಬರೆಯುವ ಚಟ ನನಗಿದೆ, ಆದರೆ ಅದರ ಮೇಲೂ ಭರವಸೆ ಇಡುವಂತಿಲ್ಲ. ಆ ದಿನದ ಪುಟದಲ್ಲಿ ನಾನು ಬರೆದಿರುವುದು ಇಷ್ಟೇ: ‘ಕೊಲ್ಹಾರ. ವಿಪರೀತ ಸೆಕೆ. ದೋಣಿಯ ಮಾತು.’ ಮಹತ್ವದ್ದು ನಡೆಯುವ ದಿನ ನಾನು ಸೆಕೆಯ ಬಗ್ಗೆ ಬರೆದು ಮಲಗಿರುತ್ತೇನೆ, ಏನೂ ನಡೆಯದ ದಿನ ಎರಡೆರಡು ಪುಟ ತುಂಬಿಸಿರುತ್ತೇನೆ. ಧಾರವಾಡದಲ್ಲಿ ಇತಿಹಾಸ ಓದಿ ಎಂ.ಎ. ಮಾಡಿಕೊಂಡ ನನಗೆ, ಇಂಥ ಸಾಕ್ಷಿಗಳನ್ನು ನಂಬಿ ದೊಡ್ಡ ದೊಡ್ಡ ರಾಜರ ಕಥೆ ಬರೆದವರ ಧೈರ್ಯ ಕಂಡು ಈಗೀಗ ಆಶ್ಚರ್ಯವಾಗುತ್ತದೆ. ನಮ್ಮವರಿಗೆ, ಎಂದರೆ ನನ್ನ ಗಂಡನಿಗೆ, ಇಂಥ ತೊಂದರೆ ಇಲ್ಲ. ಇಂಡಿ ಊರಿನ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಅವರು, ಚಿಗವ್ವನ ಗಂಡ ನೆಲದ ಮೇಲೆ ಗೆರೆ ಎಳೆದದ್ದು ಬೂದಿಯಿಂದ ಅಲ್ಲ, ಸುಣ್ಣದಿಂದ ಎಂದು ಇವತ್ತಿಗೂ ಖಚಿತವಾಗಿ ಹೇಳುತ್ತಾರೆ. ಅವರು ಆ ದಿನ ಅಲ್ಲಿರಲೇ ಇಲ್ಲ.

ಹಾಗಾಗಿ ನೆನಪನ್ನು ಬದಿಗಿಟ್ಟು ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಗಂಡ ಹೆಂಡತಿ ಇಬ್ಬರೇ ಕೂಡುವ ಮೋಟಾರ್ ದೋಣಿ ಎಷ್ಟು ದೊಡ್ಡದಿರಬೇಕು?

ಇಂಡಿಯಲ್ಲಿ ಕುಳಿತು ಈ ಪ್ರಶ್ನೆ ಕೇಳಿಕೊಳ್ಳುವುದು ಸ್ವಲ್ಪ ನಗೆಯ ವಿಷಯವೇ. ನಮ್ಮಲ್ಲಿ ನಿಂಬೆಗಿಡಕ್ಕೆ ಕೊಡದಲ್ಲಿ ನೀರು ಹೊತ್ತು ಹಾಕುತ್ತಾರೆ. ಬೇಸಿಗೆಯಲ್ಲಿ ಬಾವಿಯ ತಳದಲ್ಲಿ ಕೊಡ ತಾಗಿದ ಸಪ್ಪಳ ಕೇಳಿದರೆ ಓಣಿಯ ಹೆಂಗಸರೆಲ್ಲ ಮಾತು ನಿಲ್ಲಿಸುತ್ತಾರೆ. ಆದರೆ ನೀರಿಲ್ಲದ ಸೀಮೆಯವರಿಗೇ ನೀರಿನ ಕನಸು ಹೆಚ್ಚು. ವಿಜಾಪುರದಿಂದ ಸಿಂದಗಿಗೆ ಹೋಗುವ ದಾರಿಯಲ್ಲಿ ಕುಮಟಗಿ ಎಂಬ ಊರಿದೆ. ಅಲ್ಲಿ ಹಿಂದಿನ ಸುಲ್ತಾನರು ಕೆರೆಯ ಬದಿಗೆ ಜಲಮಂಟಪಗಳನ್ನು ಕಟ್ಟಿಸಿ, ಗೋಡೆಯೊಳಗೆ ಕೊಳವೆ ಕೂಡಿಸಿ, ಚಾವಣಿಯಿಂದ ನೀರು ಹನಿಯುವಂತೆ ಮಾಡಿಸಿದ್ದರು. ಮಲೆಸೀಮೆಯ ಯಾವ ಅರಸನೂ ಕೃತಕ ಮಳೆಗಾಗಿ ದುಡ್ಡು ಸುರಿದದ್ದನ್ನು ನಾನು ಓದಿಲ್ಲ. ಬರಗಾಲದ ಅರಸರಿಗೆ ಮಾತ್ರ ಒಳಗೆ ಕುಳಿತು ತೋಯಿಸಿಕೊಳ್ಳಬೇಕೆಂಬ ಆಸೆ. ನಾನು ನೋಡಿದಾಗ ಮಂಟಪದೊಳಗೆ ಆಡುಗಳು ಮಲಗಿದ್ದವು. ಅವು ಏನು ಕನಸು ಕಾಣುತ್ತಿದ್ದವೋ.

ಮಲ್ಲಪ್ಪ ಕಾಕಾ ಆ ಸುಲ್ತಾನರ ಜಾತಿಯ ಮನುಷ್ಯ. ನನ್ನ ತಾಯಿಯ ತಂಗಿ ನೀಲವ್ವ ಚಿಗವ್ವನ ಗಂಡ. ಕೊಲ್ಹಾರದಲ್ಲಿ ಕೃಷ್ಣಾ ಹೊಳೆಯ ದಂಡೆಗೆ ಅವರ ಮನೆ, ಸುತ್ತ ಉಳ್ಳಾಗಡ್ಡಿ ಹೊಲ, ದಿಬ್ಬದ ಮೇಲೆ ಇನ್ನೊಂದು ಜೋಳದ ಹೊಲ. ಅವರಿಗೆ ಮಕ್ಕಳಿರಲಿಲ್ಲ. ಆ ಮಾತನ್ನು ಯಾರೂ ಎತ್ತುತ್ತಿರಲಿಲ್ಲ, ಅವರೂ ಎತ್ತುತ್ತಿರಲಿಲ್ಲ. ನಾನು ಮದುವೆಯಾಗಿ ಇಂಡಿಗೆ ಬಂದ ಮೊದಲ ಬೇಸಿಗೆಯಲ್ಲಿ, ತವರುಮನೆ ಮುದ್ದೇಬಿಹಾಳಕ್ಕೆ ಹೋಗುವ ಮುಂಚೆ ಕೊಲ್ಹಾರದಲ್ಲಿ ಇಳಿದುಕೊಂಡೆ. ಆಗ ಊರ ತುಂಬ ಒಂದೇ ಸುದ್ದಿ. ಕೆಳಗೆ ಆಲಮಟ್ಟಿಯಲ್ಲಿ ಆಣೆಕಟ್ಟು ಏಳುತ್ತಿದೆ, ಅದು ಮುಗಿದ ದಿನ ಹೊಳೆ ಹಿಂದಕ್ಕೆ ಉಬ್ಬಿ ಊರಿಗೇ ಬರುತ್ತದೆ. ಅಳತೆಯವರು ಬಂದು ಅಲ್ಲಲ್ಲಿ ಸುಣ್ಣ ಬಳಿದ ಕಲ್ಲು ನೆಟ್ಟು ಹೋಗಿದ್ದರು. ಆ ಲೆಕ್ಕದಲ್ಲಿ ಕಾಕಾನ ಮನೆ, ದನದ ಕೊಟ್ಟಿಗೆ, ಉಳ್ಳಾಗಡ್ಡಿ ಹೊಲ ಎಲ್ಲ ಮುಳುಗುವವು. ದಿಬ್ಬದ ಜೋಳದ ಹೊಲವೊಂದೇ ಉಳಿಯುವುದು.

ಗೊಳಸಂಗಿಯಲ್ಲಿರುವ ನಮ್ಮ ಸೋದರಮಾವ, ಎಂದರೆ ಚಿಗವ್ವನ ಅಣ್ಣ, ಆಗಲೇ ಹೇಳಿ ಕಳಿಸಿದ್ದ. ‘ಪಡಸಾಲಿ ಮಗ್ಗಲದ ಖೋಲಿ ಖಾಲಿ ಐತಿ, ಒಲಿ ಹೂಡಿಸಿ ಕೊಡ್ತೇನಿ, ಇಬ್ಬರೂ ಬರ್ರಿ.’ ಚಿಗವ್ವನಿಗೆ ಹೋಗುವ ಮನಸ್ಸು. ಅಲ್ಲಿ ಅಣ್ಣನ ಮಕ್ಕಳು, ಮೊಮ್ಮಕ್ಕಳು, ಬಾಯಿ ತುಂಬ ಮಾತು. ಕಾಕಾನಿಗೆ ಅದು ಆಗದ ಮಾತು. ಬಿಳಿ ಮೀಸೆ ಬಂದ ಮೇಲೆ ಹೆಂಡತಿಯ ತವರಲ್ಲಿ ಗಂಗಾಳ ಮುಂದಿಟ್ಟುಕೊಂಡು ಕೂಡುವವನಲ್ಲ ಆತ. ದಿಬ್ಬದ ಹೊಲದಲ್ಲೇ ಮನೆ ಕಟ್ಟಿಸಿ ನೀರಿನ ದಂಡೆಗೆ ಇರುತ್ತೇನೆ ಎಂದು ಅವನ ಹಟ. ಅಂದರೆ ನೀರು ಬಂದ ದಿನ ಒಬ್ಬಳು ಗೊಳಸಂಗಿಯಲ್ಲಿ, ಒಬ್ಬ ದಿಬ್ಬದ ಮೇಲೆ. ಇಷ್ಟು ವರ್ಷ ಒಂದೇ ಒಲೆಯ ರೊಟ್ಟಿ ತಿಂದವರು ಇನ್ನು ಎರಡು ಒಲೆಗಳಾಗುವ ಸಂಭವ ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ಅದನ್ನು ಅವರಿಬ್ಬರೂ ಬಾಯಿ ಬಿಟ್ಟು ಆಡುತ್ತಿರಲಿಲ್ಲ. ಅದರ ಬದಲು ದೋಣಿಯ ಅಳತೆಯ ಬಗ್ಗೆ ಜಗಳಾಡುತ್ತಿದ್ದರು.

ದೋಣಿ ಹೇಗೆ ಬಂತು ಎಂದರೆ, ಕಾಕಾನ ಹತ್ತಿರ ಹೊಳೆಯಿಂದ ಹೊಲಕ್ಕೆ ನೀರೆತ್ತುವ ಒಂದು ಎಣ್ಣೆ ಇಂಜಿನ್ನಿತ್ತು. ಅದರ ಮೇಲೆ ಅವನಿಗೆ ಎತ್ತಿನ ಮೇಲಿನಷ್ಟೇ ಪ್ರೀತಿ. ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಬಣ್ಣ ಹಚ್ಚಿ, ಉಳಿದ ಬಣ್ಣವನ್ನು ಇಂಜಿನ್ನಿನ ಗಾಲಿಗೆ ಹಚ್ಚುತ್ತಿದ್ದ. ‘ನೀರು ತಾನ ಮನೀ ಮಟಾ ಬಂದ ಮ್ಯಾಲ ನೀರೆತ್ತೂ ಇಂಜಿನ್ನಿಗೆ ಏನ ಕೆಲಸಾ, ಹೇಳವಾ’ ಎಂದು ನನ್ನನ್ನು ಕೇಳಿದ. ಅದು ನಿರುದ್ಯೋಗಿಯಾಗುವುದು ಅವನಿಗೆ ನೋಡಲಾಗದು. ಅದಕ್ಕೇ ಅದನ್ನು ದೋಣಿಗೆ ಕೂಡಿಸುವ ಹೂಟ. ಸಂಜೆ ಇಬ್ಬರೂ ಕುಳಿತು ತಮ್ಮ ಮುಳುಗಿದ ಹೊಲದ ಮೇಲೆ ತಿರುಗಾಡಿ ಬರಬಹುದು.

‘ಇಬ್ಬರ ಅಳತೀದು ಮಾಡಸ್ತೇನಿ’ ಎಂದ.

ಚಿಗವ್ವ ಜೋಳ ಹಸನು ಮಾಡುತ್ತಿದ್ದವಳು ಮೊರದಿಂದ ಕಣ್ಣೆತ್ತಲಿಲ್ಲ. ‘ನೀವು ಒಬ್ಬರು, ಆ ಇಂಜಿನ್ನು ಒಂದು. ಇಬ್ಬರಾದ್ರಲ್ರೀ. ನಾ ಎಲ್ಲಿ ಕುಂದರ್ಲಿ?’

ಅಂದಿನಿಂದ ನಾನು ಯೋಚಿಸುತ್ತಲೇ ಇದ್ದೇನೆ. ನಮ್ಮ ಸೀಮೆಯಲ್ಲಿ ಇಬ್ಬರ ಅಳತೆಯ ವಸ್ತು ಯಾವುದಿದೆ? ನನ್ನ ಮದುವೆಗೆ ಕೊಟ್ಟ ಪಾತ್ರೆಗಳಲ್ಲಿ ಅತಿ ಸಣ್ಣ ಬೋಗುಣಿಯಲ್ಲಿ ಹತ್ತು ಮಂದಿಗೆ ಸಾರು ಮಾಡಬಹುದು. ನಾನು ಹೊಸ ಸಂಸಾರದಲ್ಲಿ ತಿಂಗಳುಗಟ್ಟಲೆ ನಿನ್ನೆಯ ಸಾರನ್ನೇ ಬಡಿಸಿದ್ದಕ್ಕೆ ಇದೇ ಕಾರಣ, ಸೋಮಾರಿತನ ಅಲ್ಲ. ರೊಟ್ಟಿಯ ಬುಟ್ಟಿ ಊರಿಗೇ ಊಟ ಹಾಕುವಂಥದು. ಚಕ್ಕಡಿಯಲ್ಲಿ ಇಬ್ಬರೇ ಹೋದರೆ ದಾರಿಯಲ್ಲಿ ಕಂಡವರು ‘ಯಾಕ್ರಿ, ಯಾರಿಗರ ಹುಷಾರಿಲ್ಲೇನು’ ಎಂದು ಕೇಳುತ್ತಾರೆ. ಬಸ್ಸಿನಲ್ಲಿ ಇಬ್ಬರ ಸೀಟು ಎಂದು ಬರೆದಿರುತ್ತದೆ ನಿಜ, ಆದರೆ ಇಂಡಿಯಿಂದ ಹೊರ್ತಿಗೆ ಹೋಗುವಷ್ಟರಲ್ಲಿ ಯಾವಳೋ ಒಬ್ಬಳು ‘ಜರಾ ಸರೀರಿ ಯವ್ವಾ’ ಎಂದು ತನ್ನ ಕೂಸು, ಗಂಟು, ಕೋಳಿ ಸಮೇತ ನನಗೂ ನಮ್ಮವರಿಗೂ ನಡುವೆ ಕುಳಿತಿರುತ್ತಾಳೆ. ಮದುವೆಯೆಂದರೆ ಇಬ್ಬರದು ಎಂದು ಮಂತ್ರ ಹೇಳುವವರೂ ಅಕ್ಷತೆಗೆ ಊರನ್ನೇ ಕರೆದಿರುತ್ತಾರೆ. ಪುರಾಣದ ಪ್ರಳಯದ ದೋಣಿಯನ್ನೇ ನೋಡಿ. ಅದರಲ್ಲಿ ಋಷಿಗಳಿದ್ದರು, ಎಲ್ಲ ಬಗೆಯ ಬೀಜಗಳಿದ್ದವು, ಎಳೆಯಲು ಒಂದು ಮೀನೂ ಇತ್ತು. ಹತ್ತಿದವನ ಹೆಂಡತಿ ಎಲ್ಲಿ ಕುಳಿತಳು ಎಂದು ಯಾರೂ ಹೇಳಿಲ್ಲ. ಬೀಜದ ಮೂಟೆಗಳ ಸಂದಿಯಲ್ಲಿ ಇದ್ದಿರಬೇಕು.

ಹಳೆಯ ಹರಗೋಲಿನಲ್ಲಿ ಈ ಪ್ರಶ್ನೆ ಏಳುತ್ತಿರಲಿಲ್ಲ. ಬಿದಿರು ಹೆಣೆದು ಚರ್ಮ ಹೊದಿಸಿದ ಆ ದುಂಡನೆಯ ಬುಟ್ಟಿಗೆ ಮುಂದೂ ಇಲ್ಲ, ಹಿಂದೂ ಇಲ್ಲ. ಸಣ್ಣವಳಿದ್ದಾಗ ಅದರಲ್ಲಿ ಹೊಳೆ ದಾಟಿದ್ದು ನೆನಪಿದೆ. ಅದು ತಿರುಗುತ್ತ ಹೋಗುತ್ತಿತ್ತು, ಒಮ್ಮೆ ನಮ್ಮ ದಂಡೆ ನನ್ನ ಎದುರಿಗೆ, ಒಮ್ಮೆ ಆ ದಂಡೆ. ಎಲ್ಲಿಂದ ಹೊರಟೆವು, ಎಲ್ಲಿಗೆ ಹೋಗುತ್ತಿದ್ದೇವೆ ಎಂಬುದೇ ಕರಗಿಹೋಗಿ, ಬರೀ ನೀರಿನ ಸಪ್ಪಳ ಉಳಿಯುತ್ತಿತ್ತು. ಬಹುಶಃ ನಾನು ನಿದ್ದೆ ಹೋಗಿದ್ದೆನೋ ಏನೋ. ಆದರೆ ಕಾಕಾನಿಗೆ ಹರಗೋಲು ಬೇಡ. ಅದಕ್ಕೆ ಇಂಜಿನ್ನು ಕೂಡಿಸಿದರೆ ಬುಗುರಿಯಾಗುತ್ತದೆ.

ಮೋಟಾರ್ ದೋಣಿಯನ್ನು ಕಣ್ಣಾರೆ ನೋಡಿದವರು ಊರಿಗೆಲ್ಲ ಒಬ್ಬರೇ, ದಸ್ತಗೀರಸಾಬರು. ಇಂಡಿ, ಸಿಂದಗಿ, ಮುದ್ದೇಬಿಹಾಳದ ಸಂತೆಗಳಲ್ಲಿ ಬಟ್ಟೆ ಅರಿವೆ ಮಾರುವವರು, ಕಾಕಾನ ಸಾಲೆಯ ಗೆಳೆಯರು. ಒಮ್ಮೆ ಮುಂಬಯಿಗೆ ಮಾಲು ತರಲು ಹೋದಾಗ ಸಮುದ್ರದಲ್ಲಿ ಮೋಟಾರ್ ದೋಣಿಯಲ್ಲಿ ಕುಳಿತು ಬಂದಿದ್ದರು. ಆ ಒಂದು ಸವಾರಿಯ ಬಲದ ಮೇಲೆ ಅವರು ಈ ವಿಷಯದಲ್ಲಿ ಪಂಡಿತರಾಗಿದ್ದರು. ನಾನೂ ಒಂದು ವಿಷಯದಲ್ಲಿ ಎಂ.ಎ. ಆಗಿರುವುದರಿಂದ ಅವರನ್ನು ನೋಡಿ ನಗುವ ಹಕ್ಕು ನನಗಿಲ್ಲ.

‘ಮಲ್ಲಪ್ಪಣ್ಣಾ, ಇಬ್ಬರಿಗಂದ್ರ ಹನ್ನೆರಡ ಮಂದೀದು ಬೇಕು’ ಎಂದರು ಅವರು.

‘ಯಾಕೋ ದಸ್ತಗೀರ? ಉಳಿದ ಹತ್ತು ಮಂದಿ ನಿಮ್ಮ ಮನಿಯವರೇನು?’

‘ಅದು ಅಲ್ಲಾಡ್ತೈತೋ ಮಾರಾಯಾ. ಸಣ್ಣದಾದ್ರ ಹೊಟ್ಟ್ಯಾನದೆಲ್ಲ ಬಾಯಿಗೆ ಬರ್ತೈತಿ. ನಾ ಬಲ್ಲೆ.’

‘ನೀ ಸಮುದ್ರದಾಗ ಕುಂತಿದ್ದಿ. ಇದು ನಮ್ಮ ಉಳ್ಳಾಗಡ್ಡಿ ಹೊಲಾ. ಅಲ್ಲಾಡೂದಿಲ್ಲ.’

ಹೀಗೆ ಮಾತು ಬೆಳೆದು ಒಂದು ಸಂಜೆ ಕಾಕಾ ಅಳತೆಗೇ ಕೈ ಹಾಕಿದ. ಈ ಭಾಗ ನನಗೆ ಚೆನ್ನಾಗಿ ನೆನಪಿದೆ ಎಂದುಕೊಂಡಿದ್ದೇನೆ. ಸುಗ್ಗಿ ಮುಗಿದು ಕಣ ಖಾಲಿಯಾಗಿತ್ತು, ಸಗಣಿ ಸಾರಿಸಿದ ನೆಲ ಇನ್ನೂ ನುಣ್ಣಗಿತ್ತು. ಒಲೆಯ ಬೂದಿಯನ್ನು ಹರಕು ಬುಟ್ಟಿಯಲ್ಲಿ ತಂದು, ತನ್ನ ಮೊಳಗೈಯಿಂದ ಅಳೆದು, ಹತ್ತು ಮೊಳ ಉದ್ದ, ಮೂರು ಮೊಳ ಅಗಲದ ಒಂದು ದೋಣಿಯ ಆಕಾರಕ್ಕೆ ಕಣದ ನಡುವೆ ಗೆರೆ ಹೊಡೆದ. ತುದಿಗೆ ಚೂಪಗೆ ಒಂದು ಮೂತಿ. ನಂತರ ಅವನು ಮಾಡಿದ್ದನ್ನು ಹೊಳೆಯ ಮೇಲೆ ಬದುಕುವ ಯಾವ ಅಂಬಿಗನೂ ಮಾಡಲಾರ. ದೋಣಿಗೆ ಆಯ ನೋಡಿದ.

ಆಯ ಎಂದರೆ ಮನೆಗೆ ನೋಡುವುದು. ಯಜಮಾನನ ಮೊಳದಿಂದ ಅಳೆದ ಉದ್ದ ಅಗಲ ಗುಣಿಸಿ, ಎಂಟರಿಂದ ಭಾಗಿಸಿ, ಉಳಿದದ್ದರ ಮೇಲೆ ಆ ಮನೆ ಬಾಳುವುದೋ ಬೀಳುವುದೋ ಹೇಳುತ್ತಾರೆ. ಒಂದು ಉಳಿದರೆ ಧ್ವಜಾಯ, ಮೂರು ಉಳಿದರೆ ಸಿಂಹಾಯ, ಇವೆಲ್ಲ ಶುಭ. ಆರು ಉಳಿದರೆ ಖರಾಯ, ಅಂದರೆ ಕತ್ತೆ. ತಲೆತಲಾಂತರದಿಂದ ಒಣ ನೆಲದ ಮೇಲೆ ಮನೆ ಕಟ್ಟಿದವರು ನೀರಿನ ಮೇಲೂ ಮನೆಯನ್ನೇ ಕಟ್ಟುತ್ತಾರೆ. ತೇಲುತ್ತದೆಯೇ ಎಂದು ಕೇಳಲಿಲ್ಲ, ಬಾಳುತ್ತದೆಯೇ ಎಂದು ಕೇಳಿದ. ಈಗ ಯೋಚಿಸಿದರೆ, ಇಬ್ಬರು ಕೂಡುವ ವಸ್ತುವಿಗೆ ಅದೇ ಸರಿಯಾದ ಪ್ರಶ್ನೆಯೇನೋ.

ಹತ್ತು ಮೂರಲೆ ಮೂವತ್ತು. ಎಂಟರಿಂದ ಭಾಗಿಸಿದರೆ ಆರು ಉಳಿಯಿತು.

‘ಕತ್ತಿ ಬಂತಲ್ರೀ’ ಎಂದಳು ಚಿಗವ್ವ. ಕಟ್ಟೆಯ ಮೇಲೆ ಕುಳಿತು, ಏನೂ ಕಾಣದವಳಂತೆ ಬತ್ತಿ ಹೊಸೆಯುತ್ತಿದ್ದಳು. ಆದರೆ ಲೆಕ್ಕ ಅವಳದೇ ಮೊದಲು ಮುಗಿದಿತ್ತು.

‘ಒಂದ ಮೊಳಾ ಕಡಿಮಿ ಮಾಡ್ತೇನಿ. ಒಂಬತ್ತ ಮೂರ್ಲೆ ಇಪ್ಪತ್ತೇಳು. ಸಿಂಹಾಯ. ನಮಗಿಬ್ಬರಿಗೆ ಸಾಕು.’

‘ಒಂದ ಮೊಳಾ ಹೆಚ್ಚ ಮಾಡ್ರಿ. ಹನ್ನೊಂದ ಮೂರ್ಲೆ ಮೂವತ್ಮೂರು. ಧ್ವಜಾಯ.’

‘ಯಾಕ, ಯಾರ್ನ ಕುಂದರ್ಸಾಕಿ ಅದರಾಗ?’

‘ಗೊಳಸಂಗಿಯಿಂದ ನಮ್ಮಣ್ಣನ ಮೊಮ್ಮಕ್ಕಳು ಬಂದ್ರ ಅವರ್ನ ದಂಡಿಗೆ ಬಿಟ್ಟು ಹೋಗ್ತೀರೇನು?’

ದಸ್ತಗೀರಸಾಬರು ಮೂತಿಯನ್ನೂ ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಎಂದು ಕೇಳಿದರು. ‘ಮನೀಗಿ ಮೂತಿ ಇರ್ತೈತೇನೋ?’ ಎಂದ ಕಾಕಾ, ಸಿಟ್ಟಿನಿಂದ. ಆಮೇಲೆ ಬಹಳ ಹೊತ್ತು ಬೂದಿಯ ಬುಟ್ಟಿ ಹಿಡಿದು ನಿಂತ. ಒಂದು ಮೊಳ ಈ ಕಡೆಯೋ ಆ ಕಡೆಯೋ, ಅಷ್ಟೇ ವ್ಯತ್ಯಾಸ. ಆದರೆ ಆ ಒಂದು ಮೊಳದಲ್ಲಿ ಗೊಳಸಂಗಿ ಇತ್ತು, ಹುಟ್ಟದ ಮಕ್ಕಳಿದ್ದರು, ಇಪ್ಪತ್ತು ಮೂವತ್ತು ವರ್ಷಗಳ ಆಡದ ಮಾತಿತ್ತು. ಕೊನೆಗೆ ಮೂತಿಯನ್ನು ಕಾಲಿನಿಂದ ಅಳಿಸಿ, ಒಂದು ಮೊಳ ಮುಂದಕ್ಕೆ ಸರಿದು, ಹೊಸ ಮೂತಿ ಬರೆದ.

‘ಬಾ, ಕುಂತ ನೋಡು’ ಎಂದ.

ಚಿಗವ್ವ ಬರಲಾರಳು ಎಂದುಕೊಂಡಿದ್ದೆ. ಆಕೆ ಬತ್ತಿಗಳನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಎದ್ದು ಬಂದಳು. ಬೂದಿಯ ಗೆರೆಯನ್ನು ಹೊಸ್ತಿಲೆಂಬಂತೆ ಎಡಗಾಲು ಬಿಟ್ಟು ಬಲಗಾಲಿಟ್ಟು ದಾಟಿ, ನೇರ ದೋಣಿಯ ಹಿಂಭಾಗಕ್ಕೆ ಹೋಗಿ ಕುಳಿತಳು. ಅದು ಅವಳ ಜಾಗ. ಚಕ್ಕಡಿಯಲ್ಲಿ ಗಂಡ ಮುಂದೆ ಕುಳಿತು ಹೊಡೆಯುತ್ತಾನೆ, ಹೆಂಡತಿ ಹಿಂದೆ ಕಾಲು ಇಳಿಬಿಟ್ಟು, ಬಿಟ್ಟುಬಂದ ದಾರಿಯನ್ನು ನೋಡುತ್ತ ಕೂಡುತ್ತಾಳೆ. ನಡೆದು ಹೋದರೂ ಅಷ್ಟೇ, ಆತ ಮುಂದೆ, ಆಕೆ ನಾಲ್ಕು ಹೆಜ್ಜೆ ಹಿಂದೆ. ಚಿಗವ್ವ ಮದುವೆಯಾಗಿ ಗೊಳಸಂಗಿಯಿಂದ ಕೊಲ್ಹಾರಕ್ಕೆ ಬಂದದ್ದೂ ಹೀಗೇ, ತವರನ್ನು ನೋಡುತ್ತ ಹಿಂದುಮುಂದಾಗಿ.

‘ಅಲ್ಲಲ್ಲ ಅಕ್ಕಾರ’ ಎಂದರು ದಸ್ತಗೀರಸಾಬರು. ‘ಹಿಂದ ಇಂಜಿನ್ ಇರ್ತೈತ್ರಿ. ಹೊಡ್ಯಾಂವ ಹಿಂದ ಕುಂದರ್ತಾನ. ನೀವು ಮುಂದ.’

‘ಮುಂದ?’

‘ಹೌದ್ರಿ. ನಾ ಕಣ್ಣಾರೆ ನೋಡೇನಿ.’

ಚಿಗವ್ವ ಕಾಕಾನ ಮುಖ ನೋಡಿದಳು. ಇದು ಕಾಕಾನಿಗೂ ಹೊಸ ಸುದ್ದಿ ಇದ್ದಂತಿತ್ತು. ದೋಣಿಯ ಬಗ್ಗೆ ಅಷ್ಟು ದಿನ ಕನಸು ಕಂಡವನು, ಕನಸಿನಲ್ಲಿ ತಾನು ಮುಂದೆಯೇ ಕುಳಿತಿದ್ದ. ಆತ ಮೀಸೆ ತಿರುವುತ್ತ ಹಿಂದೆ ಸರಿದು ಕುಳಿತ. ಚಿಗವ್ವ ಎದ್ದು, ಸೆರಗು ಸರಿಮಾಡಿಕೊಂಡು, ಆ ಹೆಚ್ಚಾದ ಒಂದು ಮೊಳದ ಜಾಗದಲ್ಲಿ, ಮೂತಿಯ ಹತ್ತಿರ, ಮುಂದಕ್ಕೆ ಮುಖ ಮಾಡಿ ಕುಳಿತಳು.

ಆಮೇಲೆ ಏನೂ ನಡೆಯಲಿಲ್ಲ. ಬರೆಯಲು ಕೂತಾಗ ಇದೇ ಕಷ್ಟ. ಸೂರ್ಯ ಹೊಳೆಯ ಆಚೆಗಿದ್ದ. ಎದುರಿಗೆ ಇಳಿಜಾರಾಗಿ ಉಳ್ಳಾಗಡ್ಡಿ ಕಿತ್ತ ಹೊಲ, ಅದರಾಚೆ ಬೇವಿನ ಗಿಡಗಳು, ಅದರಾಚೆ ಹೊಳೆಯ ಒಂದು ತೆಳು ಗೆರೆ. ಇದೆಲ್ಲ ಒಂದು ದಿನ ನೀರಿನೊಳಗಿರುತ್ತದೆ ಎಂದು ಆ ಹೊತ್ತಿನಲ್ಲಿ ನಂಬಬಹುದಾಗಿತ್ತು. ಬಿಸಿಲಿನ ಝಳದಲ್ಲಿ ನೆಲವೇ ಅಲುಗುವಂತೆ ಕಾಣುತ್ತಿತ್ತು, ಬೇವಿನ ಗಿಡಗಳು ಬುಡ ಬಿಟ್ಟು ತೇಲಾಡುತ್ತಿದ್ದವು. ಒಂದು ಎಮ್ಮೆ ಆ ನೀರಿನ ತಳದಲ್ಲಿ ಮೆಲ್ಲಗೆ ನಡೆದುಹೋಯಿತು. ಕಾಕಾ ಇಂಜಿನ್ನಿನ ಸಪ್ಪಳ ಮಾಡುತ್ತಾನೆ ಎಂದುಕೊಂಡೆ, ಮಾಡಲಿಲ್ಲ. ಆತ ಹೊಳೆಯನ್ನು ನೋಡುತ್ತಿರಲಿಲ್ಲ. ಹೆಂಡತಿಯ ಬೆನ್ನನ್ನು, ತುರುಬನ್ನು, ತುರುಬಿನಲ್ಲಿ ಬೆಳ್ಳಗಾದ ಕೂದಲನ್ನು ನೋಡುತ್ತಿದ್ದ. ಅಷ್ಟು ವರ್ಷ ಆಕೆ ಅವನ ಬೆನ್ನು ನೋಡಿದ್ದಳು.

‘ಮುಂದ ಯಾರೂ ಇಲ್ಲಲ್ಲ’ ಎಂದಳು ಚಿಗವ್ವ, ಯಾರಿಗೂ ಅಲ್ಲ. ಹೆದರಿ ಅಂದಳೋ, ಸಂತೋಷದಿಂದ ಅಂದಳೋ ನನಗೆ ತಿಳಿಯಲಿಲ್ಲ. ಮುಖ ನನಗೆ ಕಾಣುತ್ತಿರಲಿಲ್ಲ. ದಸ್ತಗೀರಸಾಬರು ಹನ್ನೆರಡು ಮಂದಿಯ ಮಾತನ್ನು ಮತ್ತೆ ಎತ್ತಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೋದರು.

ಇದಾಗಿ ನಾಲ್ಕೈದು ವರ್ಷವಾಯಿತು. ನೀರು ಇನ್ನೂ ಬಂದಿಲ್ಲ. ಬರುತ್ತದೆ ಎನ್ನುತ್ತಾರೆ, ಆಣೆಕಟ್ಟು ಅರ್ಧಕ್ಕೆ ನಿಂತಿದೆ ಎನ್ನುತ್ತಾರೆ, ಮತ್ತೆ ಬರುತ್ತದೆ ಎನ್ನುತ್ತಾರೆ. ಈಗ ನಾನೂ ನಮ್ಮವರೂ ಒಮ್ಮೊಮ್ಮೆ ಇಂಡಿಯ ಮಾಳಿಗೆಯ ಮೇಲೆ ಕುಳಿತು ನಮ್ಮ ದೋಣಿ ಎಷ್ಟು ಮೊಳದ್ದಿರಬೇಕು ಎಂದು ಮಾತಾಡುವುದುಂಟು. ಪುಸ್ತಕ ಇಡಲು ಜಾಗ ಬೇಕು ಎಂದು ನಾನು. ಭಾರ ಹೆಚ್ಚಾಗುತ್ತದೆ ಎಂದು ಅವರು. ಯಾರು ಮುಂದೆ ಕೂಡಬೇಕು ಎಂಬುದು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ಸಮಾನತೆಯ ಬಗ್ಗೆ ಕಾಲೇಜಿನಲ್ಲಿ ಭಾಷಣ ಮಾಡಿದವಳು ನಾನು. ಆದರೆ ಮುಂದೆ ಯಾರೂ ಇಲ್ಲದ ಜಾಗದಲ್ಲಿ ಕೂಡು ಎಂದರೆ ಕೂಡುತ್ತೇನೆಯೇ ಎಂದು ನನ್ನನ್ನೇ ಕೇಳಿಕೊಂಡರೆ, ಪುಸ್ತಕದ ಮಾತನ್ನೇ ಮತ್ತೆ ಎತ್ತುತ್ತೇನೆ.

ಹೋದ ಮಾಘದಲ್ಲಿ ಮತ್ತೆ ಕೊಲ್ಹಾರಕ್ಕೆ ಹೋಗಿದ್ದೆ. ಬಸವನ ಬಾಗೇವಾಡಿಯಲ್ಲಿ ಬಸ್ಸು ತಪ್ಪಿ ತಡವಾಗಿ ಮುಟ್ಟಿದಾಗ ಮನೆಗೆ ಬೀಗ. ನೆರೆಯವರು ದಿಬ್ಬದ ಹೊಲಕ್ಕೆ ಕಳಿಸಿದರು. ಅಲ್ಲಿ ಗೌಂಡಿ ಬಂದು ಹೊಸ ಮನೆಗೆ ದಾರ ಹಿಡಿಯುತ್ತಿದ್ದ. ಸೋದರಮಾವ ಗೊಳಸಂಗಿಯಿಂದ ಕೊನೆಯ ಮಾತು ಕೇಳಲು ಬಂದು, ಚಕ್ಕಡಿಯ ನೆರಳಲ್ಲಿ ಕುಳಿತಿದ್ದ. ಖೋಲಿಯನ್ನು ಇನ್ನೂ ಖಾಲಿ ಇಟ್ಟಿದ್ದ ಪಾಪ, ಆದರೆ ಮೊಮ್ಮಗನಿಗೆ ಮದುವೆ ಗೊತ್ತಾಗಿತ್ತು, ಹೂಂ ಅಥವಾ ಉಹೂಂ ಬೇಕಾಗಿತ್ತು.

ತಲಬಾಗಿಲು ಯಾವ ಕಡೆಗೆ ಎಂದು ಗೌಂಡಿ ಕೇಳಿದ.

‘ರಸ್ತೇ ಕಡೆ ಇಡು’ ಎಂದ ಕಾಕಾ. ‘ಆಕಿ ತವರಮನೀಗಿ ಹೋಗೂದು ಬರೂದು ಇರ್ತೈತಿ. ಬಸ್ಸಿನ ಸಪ್ಪಳ ಕೇಳಬೇಕು.’

ಹಟದ ಮನುಷ್ಯ ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಮೊದಲು ಕೇಳಿದ್ದು ಆಗಲೇ. ಹೋಗಲಿ, ಆದರೆ ಬರಲಿ ಎಂಬಷ್ಟಕ್ಕೆ ಆತ ಇಳಿದಿದ್ದ. ಗೌಂಡಿ ರಸ್ತೆಯ ಕಡೆ ಗೂಟ ಹಿಡಿದು ನಿಂತ. ಚಿಗವ್ವ ಅಣ್ಣನ ಕಡೆ ನೋಡಲಿಲ್ಲ, ಗಂಡನ ಕಡೆಯೂ ನೋಡಲಿಲ್ಲ.

‘ಹೊಳೀ ಕಡೆ ಇರ್ಲಿ’ ಎಂದಳು.

‘ಆ ಕಡೆ ಏನೈತ್ರಿ ಯವ್ವಾ, ಬರೇ ಜ್ವಾಳಾ ಐತಿ’ ಎಂದ ಗೌಂಡಿ.

‘ಇರ್ಲಿ. ಗೂಟಾ ಬಡಿ.’

ಸೋದರಮಾವ ಎದ್ದು ಧೋತರ ಝಾಡಿಸಿಕೊಂಡು, ಎತ್ತು ಹೂಡಲು ಹೋದ. ಅವನಿಗೆ ಉತ್ತರ ಸಿಕ್ಕಿತ್ತು. ಕಾಕಾ ಸುತ್ತಿಗೆಯನ್ನು ಗೌಂಡಿಯ ಕೈಯಿಂದ ಇಸಿದುಕೊಂಡು ತಾನೇ ಗೂಟ ಬಡಿದ, ಬೇಕಾದದ್ದಕ್ಕಿಂತ ಹೆಚ್ಚು ಆಳಕ್ಕೆ.

ಆ ಸಂಜೆ ಹಳೆಯ ಮನೆಯ ಪಡಸಾಲೆಯಲ್ಲಿ ಚಿಗವ್ವ ತೊಗರಿಬೇಳೆಯ ಕಲ್ಲು ಆರಿಸುತ್ತಿದ್ದಳು. ನಾನು ಹತ್ತಿರ ಕುಳಿತು ಅವಳ ಜೊತೆ ಆರಿಸತೊಡಗಿದೆ. ಗಂಡನಿಗಾಗಿ ಸೋತ ಹೆಂಡತಿಯರ ಕಥೆಗಳನ್ನು ನಾವೆಲ್ಲ ಹಾಲಿನ ಜೊತೆ ಕುಡಿದವರು. ಅಂಥ ಒಂದು ಕಥೆಯಲ್ಲಿ ಇವಳನ್ನೂ ಕೂಡಿಸಿ ಮುಗಿಸಿಬಿಡುವುದು ಸುಲಭ, ಆದರೆ ಕಣದ ಮೇಲೆ ನಾನು ಕಾಣದ ಆ ಮುಖ ಅಡ್ಡ ಬರುತ್ತಿತ್ತು. ಅದಕ್ಕೇ ಕೇಳಿದೆ. ಆಕೆ ಕೇಳಿಸಿಕೊಂಡಳು, ಅದು ನನಗೆ ಖಾತ್ರಿ, ಯಾಕೆಂದರೆ ಬೇಳೆಯ ಮೇಲೆ ಓಡಾಡುತ್ತಿದ್ದ ಬೆರಳುಗಳು ನಿಂತವು. ಆಮೇಲೆ ಮತ್ತೆ ಓಡಾಡತೊಡಗಿದವು. ಯುಗಾದಿಗೆ ಹೋದಾಗ ಇನ್ನೊಮ್ಮೆ ಕೇಳಿದೆ. ಆಗ ಎದ್ದು ಒಳಗೆ ಹೋಗಿ ನನಗೆ ಚಹಾ ತಂದುಕೊಟ್ಟಳು.

ನಾನು ಕೇಳಿದ್ದು ಇಷ್ಟೇ: ‘ಚಿಗವ್ವಾ, ಬಾಗಿಲಾ ಹೊಳೀ ಕಡೆ ಇಡಿಸಿದ್ದು ಕಾಕಾನ ಸಲುವಾಗೋ, ನಿನ್ನ ಸಲುವಾಗೋ?’